ಫ್ರೇಮಿನ ಮೇಲೊಂದು ಗೀರು: ಕ್ಯಾರೆಕ್ಟರ್ ಅನಿಮೇಶನ್ ತಿದ್ದಿಕೊಳ್ಳಲು ಬ್ಲೆಂಡರ್ ಎಷ್ಟು ಸಾಕು?

ಶಾಟ್ ಮುಗಿಸಿ ನಾಲ್ಕು ಜನರಿಗೆ ಕಳಿಸಿದರೆ ಬರುವ ಉತ್ತರ ಹೆಚ್ಚಾಗಿ ಎರಡೇ: ‘ಸೂಪರ್’, ಇಲ್ಲವೇ ‘ಏನೋ ಒಂಥರಾ ಇದೆ’. ಮೊದಲನೆಯದರಿಂದ ಉಪಯೋಗವಿಲ್ಲ. ಎರಡನೆಯದು ಬಹುಪಾಲು ನಿಜವೇ, ಆದರೆ ಯಾವ ಫ್ರೇಮಿನಲ್ಲಿ, ಯಾವ ಅಂಗದಲ್ಲಿ ಎಂದು ಗೊತ್ತಾಗದೆ ತಿದ್ದಲು ಕೂತರೆ ಸರಿ ಇದ್ದದ್ದೂ ಕೆಡುತ್ತದೆ. ಬೆಂಗಳೂರಿನ ಸ್ಟುಡಿಯೊಗಳಲ್ಲಿ ದಿನದ ಕೆಲಸ ಪರಿಶೀಲಿಸುವ ಡೈಲೀಸ್ ಹೊತ್ತಿಗೆ ತಂಡದ ಲೀಡ್ ಪಕ್ಕದಲ್ಲಿ ಕೂತು ಫ್ರೇಮ್ ನಿಲ್ಲಿಸಿ ಪರದೆಯ ಮೇಲೆ ಗೀಚಿ ತೋರಿಸುತ್ತಾರೆ. ಹೊಸಬರು ಬೆಳೆಯುವುದು ಆ ಗೀರಿನಿಂದಲೇ. ಶಿರಸಿಯಿಂದ ಬೆಂಗಳೂರು ಸುಮಾರು 400 ಕಿಲೋಮೀಟರ್. ಇಲ್ಲೋ, ಕಾರವಾರ, ಕುಮಟಾ, ಹೊನ್ನಾವರದ ಕಡೆಯೋ ಮನೆಯಲ್ಲೇ ಕೂತು ಕಲಿಯುವವರಿಗೆ ಆ ಗೀರು ಸಿಗುವುದಿಲ್ಲ. ಬ್ಲೆಂಡರ್ ಎಂಬ ತ್ರೀಡಿ ತಂತ್ರಾಂಶದಲ್ಲಿ ಅನಿಮೇಶನ್ ಮಾಡುವುದು ಹೇಗೆಂದು ಹೇಳಿಕೊಡುವವರು ಬೇಕಾದಷ್ಟು ಜನ ಇದ್ದಾರೆ. ಮಾಡಿದ್ದನ್ನು ನಾವೇ ಕಟುವಾಗಿ ನೋಡಿಕೊಳ್ಳಲು, ಬೇರೆಯವರಿಂದ ನೋಡಿಸಲು, ಅವರ ಮಾತನ್ನು ಫ್ರೇಮಿಗೆ ಕಟ್ಟಿ ತಿದ್ದಲು ಅದು ಎಷ್ಟು ಒದಗುತ್ತದೆ ಎಂಬುದನ್ನಷ್ಟೇ ಈ ವಿಮರ್ಶೆ ನೋಡುತ್ತದೆ. ಬಹಳ ಮಟ್ಟಿಗೆ ಒದಗುತ್ತದೆ. ಕೆಲವು ಕಡೆ ಕೈಕೊಡುತ್ತದೆ.

ದುಡ್ಡಿನ ಮಾತು ಬೇಗ ಮುಗಿಸೋಣ. 2002ರಲ್ಲಿ ಬಳಕೆದಾರರೇ ಏಳು ವಾರಗಳಲ್ಲಿ ಒಂದು ಲಕ್ಷ ಯೂರೊ ಒಟ್ಟುಮಾಡಿ ಬಿಡಿಸಿಕೊಂಡ ತಂತ್ರಾಂಶ ಇದು. ಅಂದಿನಿಂದ ಜಿಪಿಎಲ್ ಪರವಾನಗಿಯಲ್ಲಿ ಉಚಿತ. 2024ರ ಜುಲೈನಲ್ಲಿ ಬಂದ 4.2 ಎಲ್‌ಟಿಎಸ್ ಆವೃತ್ತಿಯನ್ನು ಇಟ್ಟುಕೊಂಡು ಇಲ್ಲಿ ಬರೆದಿದ್ದೇವೆ. ಎಲ್‌ಟಿಎಸ್ ಎಂದರೆ ಎರಡು ವರ್ಷ ದೋಷ ತಿದ್ದಿಕೊಡುವ ಆವೃತ್ತಿ. ಶಾಟ್ ನಡುವೆ ಬಟನ್ನುಗಳ ಜಾಗ ಬದಲಾಗಿ ತಡಕಾಡುವ ಕಷ್ಟ ಇರುವುದಿಲ್ಲ. ಕನಿಷ್ಠ ನಾಲ್ಕು ಕೋರಿನ ಪ್ರೊಸೆಸರ್, 8 ಜಿಬಿ ರ‍್ಯಾಮ್, 2 ಜಿಬಿ ಮೆಮರಿಯ ಗ್ರಾಫಿಕ್ಸ್ ಕಾರ್ಡ್ ಕೇಳುತ್ತದೆ. ಆಡಿಸುವುದಕ್ಕೆ ಬೊಂಬೆ ಬೇಕಲ್ಲ, ಬ್ಲೆಂಡರ್ ಸ್ಟುಡಿಯೊದವರ ‘ರೇನ್’ ಮತ್ತು ‘ಸ್ನೋ’ ಎಂಬ, ಮೂಳೆ ಜೋಡಿಸಿ ಆಡಿಸಲು ಸಿದ್ಧವಾದ ಎರಡು ರಿಗ್‌ಗಳು ಉಚಿತ. ರಿಗ್ ಭಾರವಾಗಿ ಲ್ಯಾಪ್‌ಟಾಪ್ ತೆವಳಿದರೆ ರೆಂಡರ್ ಪ್ರಾಪರ್ಟೀಸ್‌ನಲ್ಲಿ ಸಿಂಪ್ಲಿಫೈ ಚಾಲೂ ಮಾಡಿ ವ್ಯೂಪೋರ್ಟಿನ (ಕೆಲಸ ಮಾಡುವ ಕಿಟಕಿಯ) ಸಬ್‌ಡಿವಿಷನ್ 0ಗೆ ಇಳಿಸಿ, ಅರ್ಧ ಭಾರ ಅಲ್ಲೇ ಇಳಿಯುತ್ತದೆ.

ತೆವಳುವುದರ ಬಗ್ಗೆ ಇನ್ನೊಂದು ಮಾತು ಹೇಳಲೇಬೇಕು, ಏಕೆಂದರೆ ತಪ್ಪು ಫೀಡ್‌ಬ್ಯಾಕ್ ಶುರುವಾಗುವುದೇ ಇಲ್ಲಿಂದ. ಟೈಮ್‌ಲೈನಿನ ಪ್ಲೇಬ್ಯಾಕ್ ಮೆನುವಿನಲ್ಲಿ ‘ಪ್ಲೇ ಎವರಿ ಫ್ರೇಮ್’ ಎಂದಿದ್ದರೆ, ಯಂತ್ರ ಸೆಕೆಂಡಿಗೆ 15 ಫ್ರೇಮ್ ಮಾತ್ರ ಎಳೆಯಬಲ್ಲದಾದರೆ ಅದು 15ರ ವೇಗದಲ್ಲೇ ಎಲ್ಲಾ ಫ್ರೇಮುಗಳನ್ನೂ ತೋರಿಸುತ್ತದೆ. ನೋಡುವವರಿಗೆ ಪಾತ್ರ ನೀರಿನಲ್ಲಿ ನಡೆದಂತೆ ಕಾಣುತ್ತದೆ. ನಾವು ಕೀಗಳನ್ನು, ಅಂದರೆ ಭಂಗಿ ದಾಖಲಿಸಿದ ಗುರುತುಗಳನ್ನು, ಹತ್ತಿರ ತಂದು ವೇಗ ಹೆಚ್ಚಿಸುತ್ತೇವೆ. ರೆಂಡರ್ ಮಾಡಿದ ಮೇಲೆ ಪಾತ್ರ ಓಡುತ್ತದೆ. ‘ಫ್ರೇಮ್ ಡ್ರಾಪಿಂಗ್’ ಅಥವಾ ಮಾತಿರುವ ಶಾಟಿಗೆ ‘ಸಿಂಕ್ ಟು ಆಡಿಯೊ’ ಇಟ್ಟರೆ ವೇಗ ಸರಿ ಇರುತ್ತದೆ, ನಡುವೆ ಫ್ರೇಮುಗಳು ಬಿಟ್ಟುಹೋಗುತ್ತವೆ ಅಷ್ಟೆ. ಆದರೂ ಟೈಮಿಂಗ್ ಬಗ್ಗೆ ತೀರ್ಮಾನ ವ್ಯೂಪೋರ್ಟ್ ನೋಡಿ ಮಾಡಬಾರದು. ಪ್ಲೇಬ್ಲಾಸ್ಟ್ (ವ್ಯೂಪೋರ್ಟಿನಲ್ಲಿ ಕಾಣುವುದನ್ನೇ ಬೇಗ ರೆಂಡರ್ ಮಾಡಿದ ವಿಡಿಯೊ) ತೆಗೆದು ನೋಡಿ ಮಾಡಬೇಕು.

ಪ್ಲೇಬ್ಲಾಸ್ಟ್ ತೆಗೆಯುವ ಕ್ರಮ ಹೀಗೆ. ನಂಬರ್‌ಪ್ಯಾಡಿನ 0 ಒತ್ತಿ ಕ್ಯಾಮೆರಾ ನೋಟಕ್ಕೆ ಬನ್ನಿ. ಇದನ್ನು ಮರೆತರೆ ಆಗ ಕಣ್ಣೆದುರು ಯಾವ ಕೋನ ಇದೆಯೋ ಅದೇ ರೆಂಡರ್ ಆಗುತ್ತದೆ. ಶಿಫ್ಟ್, ಆಲ್ಟ್, ಜೆಡ್ ಒಟ್ಟಿಗೆ ಒತ್ತಿದರೆ ಮೂಳೆ, ಗ್ರಿಡ್ ಎಲ್ಲ ಮರೆಯಾಗುತ್ತವೆ. ಔಟ್‌ಪುಟ್ ಟ್ಯಾಬಿನ ಮೆಟಾಡೇಟಾ ವಿಭಾಗದಲ್ಲಿ ‘ಫ್ರೇಮ್’ ಗುರುತು ಮಾಡಿ ‘ಬರ್ನ್ ಇಂಟು ಇಮೇಜ್’ ಚಾಲೂ ಮಾಡಿ. ಅಕ್ಷರದ ಗಾತ್ರ ತಾನಾಗಿ 12 ಇರುತ್ತದೆ, ಮೊಬೈಲಿನಲ್ಲಿ ನೋಡುವವರಿಗೆ ಅದು ಇರುವೆ ಸಾಲಿನಂತೆ ಕಾಣುತ್ತದೆ; 28 ಅಥವಾ 30 ಮಾಡಿ. ಅಲ್ಲೇ ‘ನೋಟ್’ ಎಂಬ ಖಾನೆಯಲ್ಲಿ ಶಾಟಿನ ಹೆಸರು, ಎಷ್ಟನೇ ಆವೃತ್ತಿ ಎಂದು ಬರೆಯಿರಿ. ಆಮೇಲೆ ವ್ಯೂ ಮೆನುವಿನಿಂದ ‘ವ್ಯೂಪೋರ್ಟ್ ರೆಂಡರ್ ಅನಿಮೇಶನ್’. ಈಗ ವಿಡಿಯೊದ ಪ್ರತಿ ಚಿತ್ರದ ಮೇಲೂ ಅದರ ನಂಬರು ಅಚ್ಚಾಗಿರುತ್ತದೆ. ಫೀಡ್‌ಬ್ಯಾಕಿನ ಗುಣ ಏರಿಸುವ ಉಪಾಯಗಳಲ್ಲಿ ಇದರಷ್ಟು ಅಗ್ಗದ್ದು, ಇದರಷ್ಟು ಫಲ ಕೊಡುವಂಥದ್ದು ಮತ್ತೊಂದಿಲ್ಲ. ‘ಕೈ ಎತ್ತುವಾಗ ಏನೋ ಸಿಕ್ಕಿಕೊಳ್ಳುತ್ತದೆ’ ಎನ್ನುತ್ತಿದ್ದವರು ‘52ರಿಂದ 55ರ ನಡುವೆ ಮೊಣಕೈ ಹಾರುತ್ತದೆ’ ಎನ್ನತೊಡಗುತ್ತಾರೆ.

ವಿಡಿಯೊ ಮಾಡುವಾಗ ಒಂದು ಸೆಟ್ಟಿಂಗ್ ಗಮನಿಸಿ. ಎಫ್‌ಎಫ್‌ಎಂಪೆಗ್ ಎನ್‌ಕೋಡಿಂಗಿನಲ್ಲಿ ಕೀಫ್ರೇಮ್ ಇಂಟರ್ವಲ್ 18 ಎಂದಿರುತ್ತದೆ. ಅಂದರೆ 18 ಫ್ರೇಮಿಗೊಂದು ಮಾತ್ರ ಪೂರ್ತಿ ಚಿತ್ರ. ನಡುವಿನವು ಹಿಂದುಮುಂದಿನದರಿಂದ ಕಟ್ಟಿಕೊಂಡವು. ಹೀಗಿರುವ ವಿಡಿಯೊವನ್ನು ಫ್ರೇಮ್ ಫ್ರೇಮ್ ಹಿಂದಕ್ಕೆ ಎಳೆದರೆ ತಡವರಿಸುತ್ತದೆ. ಅದನ್ನು 1 ಮಾಡಿದರೆ ಫೈಲ್ ದೊಡ್ಡದಾದೀತು, ಆದರೆ ಹಿಂದೆ ಮುಂದೆ ಬೆಣ್ಣೆಯಂತೆ ಜಾರುತ್ತದೆ. ನೋಡಲು ಎಂಪಿವಿ ಪ್ಲೇಯರ್ ಒಳ್ಳೆಯದು: ಚುಕ್ಕಿ ಒತ್ತಿದರೆ ಒಂದು ಫ್ರೇಮ್ ಮುಂದೆ, ಅಲ್ಪವಿರಾಮ ಒತ್ತಿದರೆ ಒಂದು ಹಿಂದೆ. ಎಲ್ಲರ ಬಳಿ ಇರುವ ವಿಎಲ್‌ಸಿ 3ರಲ್ಲಿ ಇ ಒತ್ತಿದರೆ ಮುಂದೆ ಹೋಗಬಹುದು, ಹಿಂದೆ ಬರುವ ಕೀ ಇಲ್ಲ. ವಾಟ್ಸ್ಆ್ಯಪಿನಲ್ಲಿ ಕಳಿಸುವುದಾದರೆ ವಿಡಿಯೊ ಆಗಿ ಕಳಿಸಬೇಡಿ, ಅದು ಹಿಂಡಿ ಹಿಪ್ಪೆ ಮಾಡುತ್ತದೆ. ಬೆರಳು, ಕಣ್ಣು ಮಸುಕಾಗುತ್ತವೆ. ಡಾಕ್ಯುಮೆಂಟ್ ಆಗಿ ಕಳಿಸಿದರೆ ಇದ್ದದ್ದು ಇದ್ದಂತೆ ತಲುಪುತ್ತದೆ. ಬಿಟ್‌ರೇಟ್ 6000 ಇಟ್ಟರೆ 11 ಸೆಕೆಂಡಿನ ಶಾಟ್ ಸುಮಾರು 8 ಎಂಬಿ. ಮಳೆಗಾಲದ ಶಿರಸಿಯ ನೆಟ್‌ವರ್ಕಿಗೂ ಅದೇನು ಭಾರವಲ್ಲ.

ಇನ್ನು ಗೀರಿನ ವಿಷಯ. ಡಿ ಕೀ ಒತ್ತಿ ಹಿಡಿದು ಮೌಸಿನ ಎಡ ಗುಂಡಿಯಿಂದ ಎಳೆದರೆ ಗೀಚುತ್ತದೆ, ಬಲ ಗುಂಡಿಯಿಂದ ಎಳೆದರೆ ಅಳಿಸುತ್ತದೆ. ಇದಕ್ಕೆ ಆ್ಯನೊಟೇಶನ್ ಎನ್ನುತ್ತಾರೆ. ಮೊದಲು ಮಾಡಬೇಕಾದ್ದು ಪ್ಲೇಸ್‌ಮೆಂಟನ್ನು ‘ವ್ಯೂ’ ಮಾಡುವುದು. ‘ತ್ರೀಡಿ ಕರ್ಸರ್’ ಎಂದೇ ಬಿಟ್ಟರೆ ಗೀರು ದೃಶ್ಯದೊಳಗಿನ ಒಂದು ಜಾಗಕ್ಕೆ ಅಂಟಿಕೊಳ್ಳುತ್ತದೆ, ಕೋನ ತಿರುಗಿಸಿದೊಡನೆ ಎಲ್ಲಿಗೋ ಹೋಗಿ ನಿಲ್ಲುತ್ತದೆ. ಎನ್ ಒತ್ತಿದರೆ ಬರುವ ಪಟ್ಟಿಯಲ್ಲಿ ವ್ಯೂ ಟ್ಯಾಬಿನಡಿ ಪದರಗಳಿವೆ; ಫೀಡ್‌ಬ್ಯಾಕ್ ಕೊಟ್ಟ ಒಬ್ಬೊಬ್ಬರಿಗೂ ಒಂದೊಂದು ಪದರ, ಒಂದೊಂದು ಬಣ್ಣ. ಮೂರು ಬಣ್ಣದ ಗೀರುಗಳು ಒಂದೇ ಫ್ರೇಮಿನ ಸುತ್ತ ಸೇರಿಕೊಂಡವೆಂದರೆ ಯಾರ ಸಲಹೆ ಸರಿ ಎಂದು ವಾದ ಮಾಡಬೇಕಿಲ್ಲ, ತೊಂದರೆ ಅಲ್ಲೇ ಇದೆ. ಅವರು ಹೇಳಿದ ಪರಿಹಾರಗಳು ಮೂರು ದಿಕ್ಕಿಗಿರಬಹುದು, ಜಾಗವಂತೂ ಖಚಿತವಾಯಿತು.

ಒಂದು ಕಿರಿಕಿರಿ ಇದೆ. 38ನೇ ಫ್ರೇಮಿನಲ್ಲಿ ಗೀಚಿದ್ದು ಮುಂದಿನ ಗೀರು ಬರುವ ತನಕ ಪರದೆಯ ಮೇಲೇ ಉಳಿಯುತ್ತದೆ. 39ಕ್ಕೆ ಹೋಗಿ ಅದೇ ಪದರದಲ್ಲಿ ಮೂಲೆಯಲ್ಲೊಂದು ಚುಕ್ಕೆ ಇಟ್ಟರೆ ಹಳೆಯದು ಮರೆಯಾಗುತ್ತದೆ. ಪ್ರತಿ ಸಲ ಈ ಚುಕ್ಕೆ ಇಡುವುದು ಬೇಸರದ ಕೆಲಸ, ಆದರೆ ಇಡದಿದ್ದರೆ ಎರಡು ದಿನದ ನಂತರ ಯಾವ ಗೀರು ಯಾವ ಫ್ರೇಮಿನದು ಎಂದು ತಿಳಿಯದೆ ಒದ್ದಾಡಬೇಕಾಗುತ್ತದೆ.

ಗೀಚುವ ಜಾಗದ ಬಗ್ಗೆ ನಮ್ಮ ಶಿಫಾರಸು ಸ್ಪಷ್ಟ: ಅನಿಮೇಶನ್ ಫೈಲಿನೊಳಗೆ ಗೀಚಬೇಡಿ. ವಿಮರ್ಶೆಗೆಂದೇ ಬೇರೆ ಫೈಲ್ ಮಾಡಿ, ವಿಡಿಯೊ ಸೀಕ್ವೆನ್ಸರಿನಲ್ಲಿ ಪ್ಲೇಬ್ಲಾಸ್ಟ್ ತಂದು ಅದರ ಪ್ರಿವ್ಯೂ ಮೇಲೆ ಗೀಚಿ. ಹೀಗೆ ಮಾಡಿದರೆ ಕೀ ಅಲುಗಾಡುವ ಭಯವಿಲ್ಲ, ರಿಗ್ಗಿನ ಭಾರವೂ ಇಲ್ಲ. ಹಳೆಯ ಆವೃತ್ತಿ ಮತ್ತು ಹೊಸದನ್ನು ಅಕ್ಕಪಕ್ಕ ನಿಲ್ಲಿಸಲು ಸೀಕ್ವೆನ್ಸರಿನಷ್ಟು ಸುಲಭದ ಜಾಗ ಬೇರೆಯಿಲ್ಲ: 1280 ಗುಣಿಸು 720ರ ಚೌಕಟ್ಟಿನಲ್ಲಿ ಎರಡೂ ಸ್ಟ್ರಿಪ್‌ಗಳ ಸ್ಕೇಲ್ 0.5 ಮಾಡಿ, ಒಂದರ ಪೊಸಿಷನ್ ಎಕ್ಸ್ ಮೈನಸ್ 320, ಇನ್ನೊಂದರದು 320 ಇಡಿ. ತಿದ್ದಿದ್ದು ನಿಜವಾಗಿ ಉತ್ತಮವಾಯಿತೋ, ಬರೀ ಬೇರೆಯಾಯಿತೋ ಎಂಬುದು ಆಗ ಗೊತ್ತಾಗುತ್ತದೆ. ಅಲ್ಲೇ ‘ಮಿರರ್ ಎಕ್ಸ್’ ಗುಂಡಿಯೂ ಇದೆ. ವಾರಗಟ್ಟಲೆ ಒಂದೇ ಶಾಟ್ ನೋಡಿ ಕಣ್ಣು ಕುರುಡಾದಾಗ ಎಡ ಬಲ ಅದಲುಬದಲು ಮಾಡಿ ನೋಡಿ. ಒಂದು ಕಡೆಗೆ ವಾಲಿದ ತಲೆ, ಸೊಟ್ಟ ಭುಜ ಹೊಸದಾಗಿ ಕಣ್ಣಿಗೆ ಬೀಳುತ್ತವೆ.

ಈಗ ಒಂದು ಶಾಟನ್ನೇ ಹತ್ತಿರದಿಂದ ನೋಡೋಣ. ಅಘನಾಶಿನಿ ಅಳಿವೆಯಲ್ಲೋ ಕಾಳಿಯ ದಡದಲ್ಲೋ ಬೀಸುಬಲೆ ಎಸೆಯುವ ಮನುಷ್ಯ: ನಾಲ್ಕು ಸೆಕೆಂಡ್, 24ರ ಲೆಕ್ಕದಲ್ಲಿ 96 ಫ್ರೇಮ್. ಕ್ಯಾರೆಕ್ಟರ್ ಅನಿಮೇಶನಿನ ಮುಖ್ಯ ಪಾಠಗಳೆಲ್ಲ ಇದರಲ್ಲಿ ಅಡಕವಾಗಿವೆ. ಮೊದಲ ಪ್ರಯತ್ನದಲ್ಲಿ ಎಲ್ಲರೂ ಮಾಡುವುದು ಹೀಗೆ: 1ರಿಂದ 20 ನಿಂತ ಭಂಗಿ, 21ರಿಂದ 40 ಹಿಂದಕ್ಕೆ ತಿರುಗುವುದು, 41ರಿಂದ 48 ಎಸೆತ, 48ಕ್ಕೆ ಬಲೆ ಕೈಬಿಡುವುದು, 74ಕ್ಕೆ ನೀರು ಮುಟ್ಟುವುದು. ಭಂಗಿಗಳೇನೋ ಸರಿ. ಆದರೂ ಬಲೆ ಬೀಸಿ ಬೀಸಿ ಕೈ ಗಟ್ಟಿಯಾದವರಿಗೆ ತೋರಿಸಿದರೆ ‘ಬಲೆಗೆ ಭಾರವೇ ಇಲ್ಲ ಮಾರಾಯಾ, ಟವೆಲ್ ಕೊಡವಿದಂಗೆ ಕಾಣ್ತದೆ’ ಎನ್ನುವ ಥರದ ಮಾತು ಬರುತ್ತದೆ. ಇದು ಅಪ್ಪಟ ಫೀಡ್‌ಬ್ಯಾಕ್. ಅವರಿಗೆ ಗ್ರಾಫ್ ಎಡಿಟರ್ ಗೊತ್ತಿರಬೇಕಿಲ್ಲ. ಅವರ ಮಾತನ್ನು ಫ್ರೇಮಿಗೆ ಇಳಿಸುವ ಕೆಲಸ ನಮ್ಮದು.

ಇಳಿಸುವುದು ಹೇಗೆ? ಸೊಂಟ, ಎದೆ, ಭುಜ, ಕೈ ನಾಲ್ಕೂ 41ನೇ ಫ್ರೇಮಿನಲ್ಲೇ ಒಟ್ಟಿಗೆ ತಿರುಗಿವೆ. ನಿಜವಾದ ಎಸೆತದಲ್ಲಿ ಬಲ ಕಾಲಿನಿಂದ ಹತ್ತಿ ಬರುತ್ತದೆ: ಸೊಂಟ ಮೊದಲು, ಕೈ ಕೊನೆಗೆ. ಆದ್ದರಿಂದ ಸೊಂಟದ ಕೀಯನ್ನು 38ಕ್ಕೆ, ಎದೆಯದನ್ನು 40ಕ್ಕೆ, ಭುಜವನ್ನು 42ಕ್ಕೆ, ಕೈಯನ್ನು 44ಕ್ಕೆ ಸರಿಸಿ. ಬಲೆ ಬಿಡುವುದು 48ರಲ್ಲೇ ಇರಲಿ. ಅಂದರೆ ಕೈ ಇನ್ನೂ ಹಿಂದೆ ಎಳೆದುಕೊಂಡಿರುವಾಗಲೇ ಸೊಂಟ ಮುಂದೆ ಬಂದಾಗಿರುತ್ತದೆ, ಮೈ ಹಗ್ಗದಂತೆ ಹುರಿಗೊಳ್ಳುತ್ತದೆ. ಆಮೇಲೆ ಕೈ ಬಿಟ್ಟೊಡನೆ ಮೈ ನಿಂತುಬಿಡಬಾರದು. ಎದೆ ಇನ್ನೂ ನಾಲ್ಕಾರು ಫ್ರೇಮ್ ಮುಂದೆ ಹೋಗಿ ಹಿಂದೆ ಬರಬೇಕು, ಮುಂಗಾಲಿನ ಮಂಡಿ ತುಸು ಕುಸಿಯಬೇಕು. ಬಲೆಯ ಅಂಚಿಗೆ ಸುತ್ತ ಸೀಸದ ಗುಂಡುಗಳಿರುತ್ತವೆ. ಅವುಗಳ ತೂಕ ಮನುಷ್ಯನ ಮೈಯಲ್ಲಿ ಕಾಣಬೇಕು, ಬಲೆಯಲ್ಲಿ ಕಂಡರೆ ಸಾಲದು.

ಸರಿಯಾಯಿತೋ ಇಲ್ಲವೋ ನೋಡಲು ಮೋಶನ್ ಪಾತ್ ಉಪಯೋಗಿಸಿ. ಮಣಿಕಟ್ಟಿನ ಮೂಳೆ ಆರಿಸಿ ಮೋಶನ್ ಪಾತ್ ಲೆಕ್ಕ ಹಾಕಿಸಿದರೆ ಅದು ಸಾಗಿದ ದಾರಿ, ಪ್ರತಿ ಫ್ರೇಮಿಗೊಂದು ಚುಕ್ಕೆಯಂತೆ, ಗಾಳಿಯಲ್ಲಿ ಮೂಡುತ್ತದೆ. ಹಿಂದೆ ತಿರುಗಿ ನಿಲ್ಲುವಲ್ಲಿ ಚುಕ್ಕೆಗಳು ಒತ್ತೊತ್ತಾಗಿರಬೇಕು, 44ರಿಂದ 48ರವರೆಗೆ ಅಗಲ ಅಗಲವಾಗಬೇಕು. ಎಲ್ಲೆಲ್ಲೂ ಒಂದೇ ಅಂತರ ಇದ್ದರೆ ತೇಲುತ್ತದೆ. ‘ಫ್ಲೋಟಿ’ ಎಂದು ಹೇಳುವುದು ಇದನ್ನೇ. ದಾರಿ ನಡುವೆ ಒಂದೇ ಚುಕ್ಕೆ ಸಾಲಿನಿಂದ ಹೊರಗೆ ಹಾರಿದ್ದರೆ ಸಾಮಾನ್ಯವಾಗಿ ಅಲ್ಲೊಂದು ಬೇಡದ ಕೀ ಉಳಿದಿರುತ್ತದೆ, ಇಲ್ಲವೇ ಕೈ ಆಡಿಸುವ ಎರಡು ಬಗೆಗಳಾದ ಐಕೆ, ಎಫ್‌ಕೆ ಬದಲಾಯಿಸುವಾಗ ಕೈ ಹೊಂದಿಕೆಯಾಗಿಲ್ಲ. ಕೀ ತಿದ್ದಿದ ಮೇಲೆ ಗೆರೆ ತಾನಾಗಿ ಬದಲಾಗದಿದ್ದರೆ ಅಪ್‌ಡೇಟ್ ಒತ್ತಿ. ಹಳೆಯ ಗೆರೆ ನೋಡಿಕೊಂಡೇ ಗಂಟೆಗಟ್ಟಲೆ ತಿದ್ದುವವರಿದ್ದಾರೆ.

ಬಲೆ ಬೀಸುವುದನ್ನು ಮೊಬೈಲಿನಲ್ಲಿ ಹಿಡಿದು ರೆಫರೆನ್ಸ್ ಮಾಡಿಕೊಳ್ಳುವಾಗ ಫ್ರೇಮ್ ಲೆಕ್ಕ ತಪ್ಪುವುದು ಸಾಮಾನ್ಯ. ಫೋನು ಸೆಕೆಂಡಿಗೆ 30 ಹಿಡಿದಿರುತ್ತದೆ, ಸೀನು 24ರಲ್ಲಿರುತ್ತದೆ. ಕ್ಯಾಮೆರಾದ ಹಿನ್ನೆಲೆ ಚಿತ್ರವಾಗಿ ಆ ವಿಡಿಯೊ ಹಾಕಿದರೆ ಒಂದಕ್ಕೊಂದು ಫ್ರೇಮ್ ಕೂಡಿಕೊಂಡು 10 ಸೆಕೆಂಡಿನ ಎಸೆತ 12.5 ಸೆಕೆಂಡಿಗೆ ಎಳೆಯುತ್ತದೆ. ಅದನ್ನು ನೋಡಿ ಮಾಡಿದ ಅನಿಮೇಶನ್ ನಿಧಾನವಾಗಿರುವುದರಲ್ಲಿ ಆಶ್ಚರ್ಯವೇನು! ಜೊತೆಗೆ ಹಲವು ಫೋನುಗಳು ಬೆಳಕಿಗೆ ತಕ್ಕಂತೆ ಫ್ರೇಮ್ ದರವನ್ನೇ ಹೆಚ್ಚುಕಡಿಮೆ ಮಾಡುತ್ತವೆ. ಹ್ಯಾಂಡ್‌ಬ್ರೇಕಿನಂಥ ಉಚಿತ ತಂತ್ರಾಂಶದಲ್ಲಿ ಸ್ಥಿರ 24ಕ್ಕೆ ಬದಲಾಯಿಸಿಕೊಂಡೇ ಒಳಗೆ ತನ್ನಿ. ಎಸೆತದಂಥ ಚುರುಕು ಕೆಲಸಕ್ಕೆ 60ರಲ್ಲಿ ಹಿಡಿದರೆ ಕೈ ಮಸುಕಾಗುವುದು ಕಡಿಮೆ. ಕೊನೆಗೌಡ ಅಡಿಕೆ ಮರ ಹತ್ತುವುದನ್ನು ಹಿಡಿಯುವುದಾದರೆ ನೆಲದಿಂದ ಮೇಲಕ್ಕೆ ನೋಡುವ ಕೋನ ಬೇಡ, ಪಕ್ಕದ ದಿಬ್ಬದ ಮೇಲೆ ನಿಂತು ಸಮಾನ ಎತ್ತರದಿಂದ ಹಿಡಿಯಿರಿ. ಪಾದಕ್ಕೆ ಹಾಕಿಕೊಂಡ ಹಗ್ಗ ಮರ ಕಚ್ಚಿಕೊಳ್ಳುವ ಕ್ಷಣ, ತೂಕ ತೋಳಿನಿಂದ ಕಾಲಿಗೆ ಇಳಿಯುವ ಕ್ಷಣ ಆಗ ಮಾತ್ರ ಕಾಣುತ್ತವೆ.

ಭಂಗಿ ಪರೀಕ್ಷೆಗೆ ಬ್ಲೆಂಡರಿನಲ್ಲಿ ಒಂದು ಒಳ್ಳೆಯ ಸೌಕರ್ಯ ಇದೆ, ಬಹಳ ಜನ ಬಳಸುವುದಿಲ್ಲ. ಸಾಲಿಡ್ ಶೇಡಿಂಗಿನಲ್ಲಿ ಲೈಟಿಂಗ್ ‘ಫ್ಲ್ಯಾಟ್’, ಕಲರ್‌ನಲ್ಲಿ ಎಲ್ಲಕ್ಕೂ ಒಂದೇ ಬಣ್ಣದ ಆಯ್ಕೆ ಮಾಡಿ ಕಪ್ಪು ಆರಿಸಿ, ಹಿನ್ನೆಲೆ ಬಿಳಿ ಮಾಡಿ. ಪಾತ್ರ ಬರೀ ನೆರಳಾಗುತ್ತದೆ. ನೆರಳು ನೋಡಿಯೇ ಏನು ಮಾಡುತ್ತಿದ್ದಾನೆಂದು ತಿಳಿಯಬೇಕು. ಬಲೆ ಹಿಡಿದ ಕೈ ಎದೆಯ ಮುಂದೆಯೇ ಇದ್ದರೆ ನೆರಳಿನಲ್ಲಿ ಕೈಯೇ ಇಲ್ಲ. ಈ ಪಾಠಕ್ಕೆ ನಮ್ಮ ಜಿಲ್ಲೆಯವರು ದೂರ ಹೋಗಬೇಕಿಲ್ಲ. ಯಕ್ಷಗಾನದ ಬಡಗುತಿಟ್ಟಿನ ವೇಷ ರಂಗಕ್ಕೆ ಬಂದು ನಿಂತ ಭಂಗಿ ನೋಡಿ: ಮುಂಡಾಸು, ಭುಜ, ಬಿಚ್ಚಿದ ಮಂಡಿ, ಮೈಯಿಂದ ದೂರ ನಿಂತ ಕೈ, ಕೊನೆಯ ಸಾಲಿನಲ್ಲಿ ಚಾಪೆ ಹಾಸಿ ಕೂತವನಿಗೂ ಅದು ರಾಜವೇಷವೋ ಬಣ್ಣದ ವೇಷವೋ ಗೊತ್ತಾಗುತ್ತದೆ. ಹೊನ್ನಾವರ ತಾಲೂಕಿನ ಗುಣವಂತೆಯಲ್ಲಿ 1934ರಿಂದ ಇರುವ ಕೆರೆಮನೆಯ ಇಡಗುಂಜಿ ಮೇಳದ ಆಟವನ್ನು ಒಂದು ರಾತ್ರಿ ಈ ಕಣ್ಣಿನಿಂದಲೇ ಕೂತು ನೋಡುವುದು ಭಂಗಿಯ ಬಗ್ಗೆ ಒಳ್ಳೆಯ ಅಭ್ಯಾಸ. ಭಂಗಿಯಿಂದ ಭಂಗಿಗೆ ಹೋಗುವಾಗ ಕಣ್ಣು ಮೊದಲು ಹೊರಡುವುದನ್ನೂ ಗಮನಿಸಿ. ಪಾತ್ರ ತಲೆ ತಿರುಗಿಸುವಾಗ ಕಣ್ಣು ಎರಡು ಮೂರು ಫ್ರೇಮ್ ಮುಂಚೆ ಹೋದರೆ ಯೋಚಿಸುತ್ತಿದ್ದಾನೆ ಅನ್ನಿಸುತ್ತದೆ, ಎರಡೂ ಒಟ್ಟಿಗೆ ಹೋದರೆ ಬೊಂಬೆ.

ಮಾತಿನ ಶಾಟುಗಳಲ್ಲಿ ಕನ್ನಡದವರು ಎಡವುವುದಕ್ಕೆ ಬೇರೆಯೇ ಕಾರಣವಿದೆ. ಕಲಿಕೆಯ ವಿಡಿಯೊಗಳೆಲ್ಲ ಇಂಗ್ಲಿಷ್ ಬಾಯಿಯ ಚಾರ್ಟ್ ಕೊಡುತ್ತವೆ. ಅದನ್ನೇ ಕನ್ನಡಕ್ಕೆ ಹೊದಿಸಿದರೆ ಬಾಯಿ ಪಟಪಟ ಬಡಿಯುತ್ತದೆ, ಏಕೆಂದರೆ ನಮ್ಮಲ್ಲಿ ಅಕ್ಷರಕ್ಕೊಂದು ಸ್ವರ, ಅಕ್ಷರಕ್ಕೊಂದು ಸಲ ದವಡೆ ತೆರೆಯುವ ಆಸೆ. ‘ಅಪ್ಪ, ದೋಣಿ ಬಂತು’ ಎಂಬಷ್ಟನ್ನೇ ತೆಗೆದುಕೊಳ್ಳಿ. 24ರ ವೇಗದಲ್ಲಿ ಒಂದು ಫ್ರೇಮೆಂದರೆ ಸುಮಾರು 42 ಮಿಲಿಸೆಕೆಂಡ್. ‘ಬಂತು’ವಿನ ಬಕಾರಕ್ಕೆ ತುಟಿ ಎರಡು ಫ್ರೇಮ್ ಮುಚ್ಚಿದರೆ ಸಾಕು. ‘ಅಪ್ಪ’ದಲ್ಲಿರುವುದು ಒತ್ತು, ತುಟಿ ನಾಲ್ಕು ಫ್ರೇಮಿನ ಹತ್ತಿರ ಮುಚ್ಚಿಯೇ ಇರಬೇಕು, ಅವಸರದ ಮಾತಾದರೆ ಮೂರು. ಎರಡೇ ಫ್ರೇಮ್ ಕೊಟ್ಟರೆ ಕಣ್ಣಿಗೆ ‘ಅಪ’ ಎಂದು ಕಾಣುತ್ತದೆ, ಕಿವಿಗೆ ‘ಅಪ್ಪ’ ಎಂದು ಕೇಳುತ್ತದೆ, ನೋಡುವವರು ‘ಸಿಂಕ್ ಇಲ್ಲ’ ಎನ್ನುತ್ತಾರೆ. ಅವರ ಮಾತು ಕೇಳಿ ಇಡೀ ಬಾಯಿಯನ್ನು ಹಿಂದುಮುಂದು ಸರಿಸಿದರೆ ಕೆಲಸ ಕೆಟ್ಟಂತೆ. ತಪ್ಪಿರುವುದು ಒಂದು ಒತ್ತಿನಲ್ಲಿ. ‘ದೋ’ ಎನ್ನುವಾಗ ತುಟಿ ದುಂಡಗಾಗುವುದು ದಕಾರ ಕೇಳಿಸುವ ಮುಂಚೆಯೇ ಶುರು. ‘ಣಿ’ಯ ಣಕಾರ ನಾಲಿಗೆಯ ಒಳಗಿನ ಕೆಲಸ, ಹೊರಗೆ ಅದಕ್ಕಾಗಿ ಬೇರೆ ಆಕಾರ ಬೇಡ. ‘ತು’ ಎಂದು ಮಾತು ಮುಗಿದ ಮೇಲೆ ಬಾಯಿ ಮುಚ್ಚಲೇಬೇಕೆಂದಿಲ್ಲ, ತುಟಿ ತುಸು ಕಿರಿದಾಗಿ ಸಡಿಲಗೊಂಡರೆ ಸಾಕು. ಒಟ್ಟಾರೆ ಬಾಯಿಯ ಆಕಾರ ದನಿಗಿಂತ ಒಂದೆರಡು ಫ್ರೇಮ್ ಮುಂಚೆ ಬರಲಿ. ಪ್ಲೇಬ್ಯಾಕ್ ಮೆನುವಿನಲ್ಲಿ ಆಡಿಯೊ ಸ್ಕ್ರಬಿಂಗ್ ಚಾಲೂ ಮಾಡಿ ಫ್ರೇಮ್ ಫ್ರೇಮ್ ಎಳೆದರೆ ಅಕ್ಷರ ಎಲ್ಲಿ ಕೂತಿದೆ ಎಂದು ಕೇಳಿಸುತ್ತದೆ. ಎಂ ಒತ್ತಿ ಅಲ್ಲೊಂದು ಮಾರ್ಕರ್ ಹಾಕಿ, ಎಫ್2 ಒತ್ತಿ ಹೆಸರು ಕೊಡಿ.

ಹೆಸರು ಕನ್ನಡದಲ್ಲಿ ಕೊಡಲು ಹೋದರೆ ಮೊದಲನೇ ದೊಡ್ಡ ಕೊರತೆ ಎದುರಾಗುತ್ತದೆ. 4.2ರಲ್ಲಿ ಒತ್ತಕ್ಷರಗಳು ಕೂಡಿಕೊಳ್ಳುವುದಿಲ್ಲ, ಬಿಡಿಬಿಡಿಯಾಗಿ ಒಡೆದು ಕಾಣುತ್ತವೆ. ಮಾರ್ಕರಿನಲ್ಲೂ ಹಾಗೆ, ಟೆಕ್ಸ್ಟ್ ವಸ್ತುವಿನಲ್ಲೂ ಹಾಗೆ. ನೋಟುಗಳನ್ನು ಕನ್ನಡದಲ್ಲಿ ಬರೆಯುವವರು ಒಂದು ನೋಟ್‌ಬುಕ್ಕನ್ನೋ ಸ್ಪ್ರೆಡ್‌ಶೀಟನ್ನೋ ಇಟ್ಟುಕೊಳ್ಳುವುದೇ ವಾಸಿ: ಫ್ರೇಮ್ ನಂಬರು, ಅಂಗ, ಏನು ಕಾಣುತ್ತದೆ, ಯಾರು ಹೇಳಿದರು, ಏನು ಮಾಡಿದೆವು. ಎರಡನೇ ಕೊರತೆ ಇನ್ನೂ ಕಾಡುವಂಥದ್ದು. ರಿಗ್ಗಿನ ಹಿಂದಿನ ಮುಂದಿನ ಭಂಗಿಗಳನ್ನು ತೆಳುವಾಗಿ ತೋರಿಸುವ ಆನಿಯನ್ ಸ್ಕಿನ್ ತ್ರೀಡಿ ಪಾತ್ರಕ್ಕೆ ಒಳಗೇ ಕಟ್ಟಿಕೊಂಡು ಬಂದಿಲ್ಲ. ಚಿತ್ರ ಬಿಡಿಸುವ ಗ್ರೀಸ್ ಪೆನ್ಸಿಲಿಗೆ ಇದೆ, ರಿಗ್ಗಿಗೆ ಆ್ಯಡ್‌ಆನ್ ಹುಡುಕಬೇಕು. ಪ್ಲೇಬ್ಲಾಸ್ಟಿನ ಮೇಲೆ ಮೂಗು, ಮಣಿಕಟ್ಟು, ಸೊಂಟದ ಜಾಗವನ್ನು ಎರಡು ಫ್ರೇಮಿಗೊಮ್ಮೆ ಚುಕ್ಕೆ ಇಟ್ಟು ಹೋದರೆ ಅರ್ಧ ಕೆಲಸ ಆಗುತ್ತದೆ. ಕೈಕೆಲಸ, ಆದರೆ ಕಣ್ಣಿಗೆ ಅದೇ ಒಳ್ಳೆಯ ಸಾಧನೆ. ಮೂರನೆಯದು, ದೂರದಲ್ಲಿರುವವರು ಗೀಚಬೇಕೆಂದರೆ ಅವರ ಬಳಿಯೂ ಬ್ಲೆಂಡರ್ ಇರಬೇಕು, ಮತ್ತು ಅಂತಿಮ ರೆಂಡರಿನಲ್ಲಿ ಈ ಗೀರುಗಳು ಬರುವುದಿಲ್ಲ. ಆ ಫ್ರೇಮಿನ ಸ್ಕ್ರೀನ್‌ಶಾಟ್ ಕಳಿಸಬೇಕು, ಇಲ್ಲವೇ ಫೈಲನ್ನೇ ಕಳಿಸಬೇಕು. ಬ್ರೌಸರಿನಲ್ಲೇ ಫ್ರೇಮ್ ಮೇಲೆ ಗೀಚಲು ಸಿಂಕ್‌ಸ್ಕೆಚ್ ಥರದ ಸೇವೆಗಳಿವೆ. ತಂಡದಲ್ಲಿ ನಾಲ್ಕೈದು ಜನ ಬೇರೆ ಬೇರೆ ಊರಿನಲ್ಲಿದ್ದರೆ ಅವೇ ಮೇಲು. ಒಬ್ಬರೇ ಕಲಿಯುತ್ತಿರುವವರಿಗೆ ಅಗತ್ಯ ಕಾಣುವುದಿಲ್ಲ.

ಸಾಧನ ಎಷ್ಟೇ ಚೆನ್ನಾಗಿದ್ದರೂ ತೋರಿಸುವ ಹೊತ್ತು ತಪ್ಪಿದರೆ ಫೀಡ್‌ಬ್ಯಾಕ್ ದಂಡ. ಬ್ಲಾಕಿಂಗ್ ಹಂತದಲ್ಲಿ, ಅಂದರೆ ಮುಖ್ಯ ಭಂಗಿಗಳನ್ನಷ್ಟೇ ಹಾಕಿ, ಟಿ ಒತ್ತಿ ಇಂಟರ್ಪೊಲೇಶನ್ ‘ಕಾನ್‌ಸ್ಟಂಟ್’ ಮಾಡಿ, ಭಂಗಿಯಿಂದ ಭಂಗಿಗೆ ಜಿಗಿಯುವಂತೆ ಇರುವಾಗ ಮೊದಲ ಸಲ ತೋರಿಸಿ. ಆಗ ಕೇಳಬೇಕಾದ್ದು ಒಂದೇ: ಏನು ನಡೆಯುತ್ತಿದೆ, ಯಾವ ಭಾವ? ಅವರ ಉತ್ತರ ನೀವಂದುಕೊಂಡದ್ದಾಗಿರದಿದ್ದರೆ ಭಂಗಿ ಬದಲಾಯಿಸಬೇಕು, ಹತ್ತು ಹದಿನೈದು ಕೀ ತಿದ್ದಿದರೆ ಮುಗಿಯಿತು. ಇದೇ ಪ್ರಶ್ನೆಯನ್ನು ಸ್ಪ್ಲೈನ್, ಅಂದರೆ ಭಂಗಿಗಳ ನಡುವಿನ ಚಲನೆ ಜೋಡಿಸುವ ಹಂತ, ಮುಗಿಸಿ, ಬೆರಳು, ಕಣ್ಣುರೆಪ್ಪೆ ಎಲ್ಲ ನಯ ಮಾಡಿದ ಮೇಲೆ ಕೇಳಿದರೆ ಸಾವಿರ ಕೀಗಳ ರಾಶಿಯನ್ನು ಕೆಡವಬೇಕಾಗುತ್ತದೆ. ಕೆಡವಲು ಮನಸ್ಸು ಬಾರದೆ ಜನ ಫೀಡ್‌ಬ್ಯಾಕನ್ನೇ ತಳ್ಳಿಹಾಕುತ್ತಾರೆ. ಸ್ಪ್ಲೈನ್ ಹಂತದಲ್ಲಿ ಭಾರ, ಸ್ಪೇಸಿಂಗ್ (ಫ್ರೇಮಿನಿಂದ ಫ್ರೇಮಿಗೆ ಸಾಗುವ ಅಂತರ), ಕಾಲು ಜಾರುವುದು, ಮಂಡಿ ಟಪ್ಪೆಂದು ನೆಟ್ಟಗಾಗುವುದು ಇವನ್ನು ಕೇಳಿ. ಕೊನೆಯ ಹಂತದಲ್ಲಿ ಕಣ್ಣು ಮಿಟುಕು, ಬೆರಳು. ಮಿಟುಕಿಗೆ ಎರಡು ಫ್ರೇಮ್ ಮುಚ್ಚಲು, ಒಂದೆರಡು ಮುಚ್ಚಿರಲು, ಮೂರು ನಾಲ್ಕು ತೆರೆಯಲು. ಮುಚ್ಚುವ, ತೆರೆಯುವ ವೇಗ ಒಂದೇ ಇದ್ದರೆ ಅಂಗಡಿಯ ಮಿಣುಕು ದೀಪದ ಹಾಗೆ ಕಾಣುತ್ತದೆ.

ಬಂದ ನೋಟುಗಳನ್ನು ತಿದ್ದುವುದಕ್ಕೂ ಕ್ರಮ ಇದೆ: ಅರ್ಥ, ಭಂಗಿ, ಟೈಮಿಂಗ್, ಭಾರ, ಆಮೇಲೆ ಉಳಿದದ್ದು. ಹತ್ತು ನೋಟಿನಲ್ಲಿ ಬೆರಳಿನದು ಸುಲಭ ಅಂತ ಅದರಿಂದ ಶುರು ಮಾಡಬೇಡಿ. ಸೊಂಟ ತಿದ್ದಿದರೆ ಎದೆ, ಕೈ, ಬೆರಳು ಎಲ್ಲದರ ಲೆಕ್ಕ ಬದಲಾಗುತ್ತದೆ, ಬೆರಳಿಗೆ ಹಾಕಿದ ಎರಡು ಗಂಟೆ ನೀರುಪಾಲು. ಒಂದು ಸುತ್ತಿಗೆ ಒಂದೇ ಆವೃತ್ತಿ, ಪ್ರತಿ ಆವೃತ್ತಿಗೂ ಹೊಸ ನಂಬರಿನ ಫೈಲ್, ಹಳೆಯದನ್ನು ಅಳಿಸಕೂಡದು. ಮೂರನೇ ಆವೃತ್ತಿಯಲ್ಲಿದ್ದ ಜೀವ ಆರನೆಯದರಲ್ಲಿ ತಿದ್ದಿ ತಿದ್ದಿ ಸತ್ತುಹೋಗುವುದು ಎಷ್ಟೋ ಸಲ ನಡೆಯುತ್ತದೆ. ಅಕ್ಕಪಕ್ಕ ಇಟ್ಟು ನೋಡಿ ಮೂರಕ್ಕೇ ಮರಳಬೇಕಾದೀತು.

ಜೂನ್ ಬಂದರೆ ಘಟ್ಟದ ಮೇಲೂ ಕೆಳಗೂ ಕರೆಂಟಿನ ಭರವಸೆ ಇಲ್ಲ. ಬ್ಲೆಂಡರ್ ತಾನಾಗಿ ಎರಡು ನಿಮಿಷಕ್ಕೊಮ್ಮೆ ಬೇರೆ ಕಡೆ ಉಳಿಸಿಡುತ್ತದೆ. ಫೈಲ್ ಮೆನುವಿನ ರಿಕವರ್ ಅಡಿಯಲ್ಲಿ ‘ಆಟೊ ಸೇವ್’ ಎಂದಿರುವುದು ಅದೇ. ಪ್ಲೇಬ್ಲಾಸ್ಟನ್ನು ವಿಡಿಯೊ ಬದಲು ಚಿತ್ರಗಳ ಸಾಲಾಗಿ ರೆಂಡರ್ ಮಾಡಿದರೆ 200ನೇ ಫ್ರೇಮಿನಲ್ಲಿ ದೀಪ ಹೋದರೂ 199 ಚಿತ್ರಗಳು ಕೈಯಲ್ಲಿರುತ್ತವೆ, 200ರಿಂದ ಮುಂದುವರಿಸಬಹುದು. ವಿಡಿಯೊ ಆಗಿದ್ದರೆ ಅರ್ಧಕ್ಕೆ ನಿಂತ ಫೈಲ್ ತೆರೆಯದೇ ಹೋಗಬಹುದು. ಚಿತ್ರಗಳನ್ನು ಸೀಕ್ವೆನ್ಸರಿಗೆ ತಂದು ದನಿ ಸೇರಿಸಿ ಒಂದು ವಿಡಿಯೊ ಮಾಡಿಕೊಳ್ಳಲು ಐದು ನಿಮಿಷ ಸಾಕು, ಗೀಚುವುದೂ ಅದೇ ಫೈಲಿನಲ್ಲಿ.